ಹಾನ್ಸ್ ಸಾಹೇಬರು ನೋಡದ ಮಗ್ಗ

ಹಾನ್ಸ್ ಸಾಹೇಬರು ಮನುಷ್ಯರ ಮುಖ ನೋಡುವ ಮೊದಲು ಅಂಗಾಲು ನೋಡುತ್ತಿದ್ದರು. ಬಂದವರನ್ನು ಸ್ಟೂಲಿನ ಮೇಲೆ ಕೂಡಿಸಿ, ತಾವು ನೆಲಕ್ಕೆ ಕೂತು, ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡು, ಹಿಮ್ಮಡಿಯಿಂದ ಬೆರಳಿನವರೆಗೆ ಕೈಯ ಹಿಂಬದಿಯನ್ನು ನಿಧಾನವಾಗಿ ಸರಿಸುತ್ತಿದ್ದರು. ಎಲ್ಲಿ ಬಿಸಿ ಹತ್ತುತ್ತದೋ ಅಲ್ಲಿ ಒಳಗೆ ಗಾಯ ಹುಟ್ಟುತ್ತಿದೆ ಎಂದು ಅರ್ಥ. ಕುಷ್ಠ ಹಿಡಿದ ಕಾಲಿಗೆ ನೋವು ತಿಳಿಯುವುದಿಲ್ಲ. ನಮ್ಮ ಮನೆಯವರ ಪಾದವನ್ನು ಅವರು ಮೊದಲ ಸಲ ಹಾಗೆ ಎತ್ತಿಕೊಂಡಾಗ ಇವರು ಕಣ್ಣು ಮುಚ್ಚಿಕೊಂಡರು. ಆ ಕಾಲನ್ನು ಅಲ್ಲಿಯವರೆಗೆ ನನ್ನ ಹೊರತು ಯಾರೂ ಮುಟ್ಟಿರಲಿಲ್ಲ.

ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿದ್ದ ಕಾಲ. ಜಮಖಂಡಿಯ ಹೊರಗೆ ಮಿಷನ್ನಿನವರ ಸಣ್ಣ ದವಾಖಾನೆ ಇತ್ತು. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಾಹೇಬರು ಚಪ್ಪಲಿ ಹೊಲಿಯುತ್ತಿದ್ದರು. ಅವರು ಪಾದ್ರಿಯೂ ಅಲ್ಲ, ಡಾಕ್ಟರೂ ಅಲ್ಲ. ಯುರೋಪಿನ ಯಾವುದೋ ಗುಡ್ಡದ ಊರಿನಲ್ಲಿ ಬೂಟು ಮಾಡುವವರ ಮಗ. ಹಿಂದುಸ್ಥಾನಕ್ಕೆ ಕೈಕೆಲಸದವರು ಬೇಕೆಂದು ಅವರ ಚರ್ಚಿನಲ್ಲಿ ಕೇಳಿದಾಗ ಎದ್ದು ನಿಂತರಂತೆ. ಕನ್ನಡ ಕಲಿತದ್ದು ಶೆಡ್ಡಿನಲ್ಲಿ ಚರ್ಮ ಕತ್ತರಿಸುತ್ತಿದ್ದ ಯಮನಪ್ಪನಿಂದ. ಹಾಗಾಗಿ ಪಾದ್ರಿಗಳನ್ನೂ 'ಲೇ ತಮ್ಮಾ' ಎಂದೇ ಕರೆಯುತ್ತಿದ್ದರು.

"ಚಪ್ಪಲಿ ಹೊಲ್ಯಾಕ ಹಡಗ ಹತ್ತಿ ಬಂದಾನಂತ. ನಮ್ಮ ಕಡೆ ಮಂದಿ ತೀರಿದ್ರೇನು?" ಎಂದು ಒಬ್ಬ ಶೆಡ್ಡಿನ ಬಾಗಿಲಲ್ಲಿ ನಿಂತು ನಕ್ಕಿದ್ದ.

ಸಾಹೇಬರು ದಾರ ಎಳೆಯುತ್ತಲೇ ಅವನ ಪಾದ ನೋಡಿದರು. "ನಿನ್ನ ಕಾಲು ಛಲೋ ಅದಾವಲೇ ತಮ್ಮಾ. ನಡಕೋತ ಹೋಗು."

ಅವರ ಚಪ್ಪಲಿಗೆ ಒಂದು ಮೊಳೆಯೂ ಇರುತ್ತಿರಲಿಲ್ಲ. ಸ್ಪರ್ಶವಿಲ್ಲದ ಕಾಲಿಗೆ ಮೊಳೆ ಚುಚ್ಚಿದರೆ ರಕ್ತ ಕಂಡಾಗಲೇ ಗೊತ್ತಾಗುವುದು. ಹೊರಗಿನಿಂದ ನಮ್ಮ ಕಡೆಯ ಸಾದಾ ಚಪ್ಪಲಿ, ಒಳಗೆ ಮೆತ್ತನೆಯ ರಬ್ಬರು. ಹಾಗೆ ಮಾಡಿಕೊಡಿರೆಂದು ಬೇಡಿಕೊಂಡವರು ನಮ್ಮ ಮನೆಯವರು. ನಮ್ಮೂರು ಬನಹಟ್ಟಿಯಲ್ಲಿ ಇವರ ರೋಗ ಯಾರಿಗೂ ಗೊತ್ತಿರಲಿಲ್ಲ. ಜಮಖಂಡಿಗೆ ಹೋಗುವಾಗ ನಾವಿಬ್ಬರೂ ನನ್ನ ಅಕ್ಕನ ಮನೆಗೆ ಹೋಗುತ್ತೇವೆಂದು ಓಣಿಯವರಿಗೆ ಹೇಳುತ್ತಿದ್ದೆವು.

"ಒಮ್ಮಿ ನಿನ್ನ ಮನಿ ನೋಡಬೇಕಲೇ ತಮ್ಮಾ," ಎಂದು ಸಾಹೇಬರು ಹೋದಾಗಲೆಲ್ಲ ಕೇಳುತ್ತಿದ್ದರು.

"ಬ್ಯಾಡ್ರಿ ಸಾಹೇಬ್ರ. ನೀವು ನಮ್ಮ ಓಣ್ಯಾಗ ಕಾಲಿಟ್ರ ಮರುದಿನ ಸಾವಕಾರ ನೂಲು ಕೊಡೂದಿಲ್ಲ. ನಾ ನೇಕಾರ ಅದೀನ್ರಿ, ಕೂತು ಮಾಡೂ ಕೆಲಸ. ನಡ್ಯಾಕ ಹೊಂಟ್ರ ನಿಮ್ಮ ಚಪ್ಪಲಿ ಬಿಟ್ಟು ಒಂದ್ ಹೆಜ್ಜಿ ಇಡೂದಿಲ್ಲ."

ಅದು ನಿಜವೇ ಆಗಿತ್ತು. ಆದರೂ ಗಾಯ ಮಾಯಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಅಡ್ಡಗೆರೆ ಎಳೆದಂತೆ ಇದ್ದದ್ದು ಅಗಲವಾಯಿತು. ಸಾಹೇಬರು ಜರಡಿ ಹಿಡಿದ ಬೂದಿಯ ಮೇಲೆ ಇವರನ್ನು ನಡೆಸಿ, ಭಾರ ಎಲ್ಲಿ ಬೀಳುತ್ತದೆಂದು ಮಂಡಿಯೂರಿ ಹೆಜ್ಜೆಗುರುತು ನೋಡುತ್ತಿದ್ದರು. ಚಪ್ಪಲಿ ಬಿಚ್ಚಿ ಮತ್ತೆ ಹೊಲಿದರು. ಕೊನೆಗೊಮ್ಮೆ, "ಇದು ನಡದು ಆದ ಗಾಯ ಅಲ್ಲಲೇ ತಮ್ಮಾ. ಖರೆ ಹೇಳು," ಎಂದರು.

ಇವರ ಮುಖ ಸಣ್ಣದಾಯಿತು. ಮುಂದಿನ ಸಲ ನಾನು ಹೊರಡಿಸಿದರೆ, "ಸುಳ್ಳುಗಾರ ಅನಿಸ್ಕೊಳ್ಳಾಕ ಅಷ್ಟು ದೂರ ಯಾಕ ಹೋಗಬೇಕು?" ಎಂದು ಮಗ್ಗಕ್ಕೆ ಕೂತರು. ಮತ್ತೆ ಜಮಖಂಡಿಗೆ ಹೋದದ್ದು ಮೈ ಸುಡುವ ಜ್ವರದಲ್ಲಿ, ಗಾಡಿಯಲ್ಲಿ ಮಲಗಿಸಿಕೊಂಡು. ನಂಜು ಎಲುಬಿಗೆ ಇಳಿದಿತ್ತು. ಮೊಳಕಾಲಿನ ಕೆಳಗೆ ಕತ್ತರಿಸಿದರು. ಕಾಲು ಹೋಯಿತು, ಜ್ವರ ಹೋಗಲಿಲ್ಲ.

ಮಣ್ಣು ಮಾಡಿ ಕೆಲವು ದಿನ ಕಳೆದ ಮೇಲೆ, ಈಗಲಾದರೂ ಬರಬಹುದೇ ಎಂದು ಸಾಹೇಬರು ಯಮನಪ್ಪನ ಕೈಯಲ್ಲಿ ಕೇಳಿ ಕಳಿಸಿದರು. ನಾನು ಅತ್ತೆಯ ಮುಖ ನೋಡಿದೆ.

"ಬರಲಿ ಬಿಡವಾ. ಇನ್ನ ಯಾರದನ್ನ ಮುಚ್ಚಿಡೂದೈತಿ?" ಎಂದರು ಅತ್ತೆ.

ಸಾಹೇಬರು ಬೂಟು ಬಿಚ್ಚಿ ಒಳಗೆ ಬಂದರು. ನಮ್ಮದು ಕುಣಿಮಗ್ಗ. ನೇಯುವವರು ನೆಲದ ಮಟ್ಟಕ್ಕೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಕಟ್ಟಿಗೆ ಪಟ್ಟಿಗಳನ್ನು ದಿನವಿಡೀ ತುಳಿಯಬೇಕು. ಸಾಹೇಬರು ಅಲ್ಲೇ ನಿಂತರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಅವರು ನೆಲದ ಮೇಲೆ ಬೋರಲು ಮಲಗಿ ಕುಣಿಯೊಳಗೆ ಕೈ ಇಳಿಸಿದರು. ಹೆಬ್ಬೆರಳಿನ ಬುಡ ಊರುವ ಕಡೆ ಪಟ್ಟಿಯ ಅಂಚನ್ನು ಸವರಿದರು.

"ಬರಿಗಾಲಾ?"

"ಮಗ್ಗಕ್ಕ ಚಪ್ಪಲಿ ಹಾಕ್ಕೊಂಡು ಯಾರು ಇಳೀತಾರ್ರಿ?" ಎಂದೆ. "ಅದು ನಮ್ಮ ದೇವ್ರು."

ಅವರ ಊರಿನಲ್ಲಿ ನೇಕಾರರು ಬೂಟು ಹಾಕಿಕೊಂಡೇ ಮಗ್ಗಕ್ಕೆ ಕೂಡುತ್ತಾರಂತೆ. ಇವರು ನೇಕಾರ ಎಂದಾಗ ಅವರ ಕಣ್ಣ ಮುಂದೆ ಬಂದದ್ದು ಆ ಮಗ್ಗ. ಕೂತವನ ಕಾಲಿಗೆ ಏನಾಗುತ್ತದೆ ಎಂದು ನಮಗೂ ಹೊಳೆದಿರಲಿಲ್ಲ. ಸಾಹೇಬರು ಕೈ ಹೊರಗೆ ತೆಗೆಯದೆ ಬಹಳ ಹೊತ್ತು ಹಾಗೇ ಮಲಗಿದ್ದರು. ಚಹಾ ಕುಡಿಯಲಿಲ್ಲ.

ಸಾಹೇಬರು ಬಂದುಹೋದದ್ದು ಓಣಿಗೆಲ್ಲ ತಿಳಿಯಿತು. ನಾನು ನೇಯುತ್ತೇನೆಂದರೂ ಸಾವಕಾರರು ನೂಲು ಕೊಡಲಿಲ್ಲ. ನಾನು ಸಾಹೇಬರ ಶೆಡ್ಡಿನಲ್ಲಿ ಚಪ್ಪಲಿಯ ಪಟ್ಟಿ ಹೊಲಿಯುವ ಕೆಲಸಕ್ಕೆ ಸೇರಿದೆ. ಸಾಹೇಬರ ರೀತಿ ಬದಲಾಗಿತ್ತು. ಹೊಸಬರು ಬಂದರೆ, "ಏನ್ ಕೆಲಸ ಅಂತ ಹೇಳಬ್ಯಾಡ, ಮಾಡಿ ತೋರಿಸು," ಎನ್ನುವರು. ಬೀಸುವವಳನ್ನು ಬೀಸುಕಲ್ಲಿನ ಮುಂದೆ ಕೂಡಿಸಿ, ಮಡಚಿದ ಅವಳ ಪಾದ ನೆಲಕ್ಕೆ ಎಲ್ಲಿ ಉಜ್ಜುತ್ತದೆಂದು ಬಗ್ಗಿ ನೋಡುವರು. ನನ್ನೊಡನೆ ಮಾತ್ರ ಮಾತು ಕಡಿಮೆಯಾಯಿತು.

ಅವರು ತಮ್ಮ ದೇಶಕ್ಕೆ ಮರಳುವ ಹಿಂದಿನ ದಿನ ಪ್ರಾರ್ಥನೆಯ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದ್ದರು. ಹೋಗುವವರು ತಮ್ಮ ಕೈಯಿಂದ ದೇವರು ಏನು ಮಾಡಿಸಿದನೆಂದು ಹೇಳುವುದು ಅವರಲ್ಲಿ ವಾಡಿಕೆ. ಸಾಹೇಬರು ಎದ್ದು ನಿಂತರು.

"ನಾ ಚಪ್ಪಲಿ ಮಾಡಿದ್ನಿ. ಬನಹಟ್ಟಿ ಈರಪ್ಪ ಸತ್ತ. ಅಂವಾ ಸುಳ್ಳ ಹೇಳಿರಲಿಲ್ಲ. ನಾ ಮಗ್ಗ ನೋಡಿರಲಿಲ್ಲ."

ಇಷ್ಟೇ ಹೇಳಿ ಕೂತರು. ಪಾದ್ರಿಗಳು ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದರು. ಮರುದಿನ ಸಾಹೇಬರು ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಗಂಡನ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆ ಹೆಸರಿಗೆ ರೋಗದ ಮಾತು ತಗುಲದಂತೆ ಇವರು ಬದುಕಿರುವವರೆಗೆ ಕಾಪಾಡಿದ್ದೆವು. ಅಷ್ಟು ಜನರ ನಡುವೆ ಅದನ್ನು ಕೇಳಿದಾಗ ಎದ್ದು ಹೊರಗೆ ಹೋಗಬೇಕೆನಿಸಿತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಹಾಡು ಮುಗಿಯುವವರೆಗೂ ಅಲ್ಲೇ ಕೂತಿದ್ದೆ.