ಶನಿವಾರದ ಓಟ

ಗೌನಿಪಲ್ಲಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಒಬ್ಬ ಟೀಚರಮ್ಮ ಇದ್ದರು. ಮಳೆಗಾಲದಲ್ಲಿ ಹಳೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಪ್ರತಿ ಶನಿವಾರ ತಟ್ಟೆ ಬಡಿದು, "ಬ್ಯಾಗ್ ಬಿಡ್ರೋ, ಪಕ್ಕದೋರ ಕೈ ಹಿಡ್ಕೊಳ್ರೋ" ಎಂದು ಮಕ್ಕಳನ್ನು ಬಯಲಿಗೆ ಓಡಿಸುತ್ತಿದ್ದರು. ನನ್ನ ಮಗಳು ನಿದ್ದೆಯಲ್ಲೂ ಅದನ್ನೇ ಕನವರಿಸತೊಡಗಿದಳು. ಟೀಚರಮ್ಮ ಮಕ್ಕಳನ್ನು ಹೆದರಿಸುತ್ತಾರೆಂದು ನಾನೇ ಅರ್ಜಿ ಬರೆದೆ, ಊರವರು ಸಹಿ ಹಾಕಿದರು. ಅವರಿಗೆ ಮಾಸ್ತಿ ಕಡೆ ವರ್ಗವಾಯಿತು.

ಮರುವರ್ಷದ ಮಳೆಗೆ ಆ ಗೋಡೆ ಕುಸಿಯಿತು. ನಾನು ಮಾಸ್ತಿಗೆ ಹೋಗಿ, "ನೀವು ಕಲಿಸಿದ್ದಕ್ಕೇ ನನ್ ಮಗಳು ಓಡಿ ಬದುಕ್ಕೊಂಡ್ಳು, ಮೇಡಮ್. ನನ್ನ ಕ್ಷಮಿಸಿ" ಎಂದೆ.

"ಅದಿರ್ಲಿ, ಎಲ್ಲಾ ಮಕ್ಕಳೂ ಆಚೆ ಬಂದ್ರಾ?" ಎಂದು ಕೇಳಿದರು.

ಅವರು ಹೋದ ಮೇಲೆ ಒಂದನೇ ಕ್ಲಾಸಿಗೆ ಸೇರಿದ್ದ ಒಬ್ಬ ಹುಡುಗಿಗೆ ಓಡುವುದನ್ನು ಯಾರೂ ಕಲಿಸಿರಲಿಲ್ಲ. ಹೆದರಿ ಮೂಲೆಯಲ್ಲಿ ಮುದುರಿ ಕುಳಿತಿದ್ದಳು, ಗೋಡೆ ಅವಳ ಮೇಲೇ ಬಿತ್ತು. ಅದನ್ನು ಅವರಿಗೆ ನಾನೇ ಹೇಳಬೇಕಾಯಿತು.