ಹಿಮದಡಿಯ ಮಣ್ಣೆತ್ತು

ವಿಮಾನ ನಿಲ್ದಾಣದ ಅಧಿಕಾರಿ ಅಪ್ಪನ ಚೀಲದಿಂದ ತೆಗೆದದ್ದು ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ್ದ ಮಣ್ಣಿನ ಹೆಂಟೆ. ನ್ಯೂಜಿಲೆಂಡಿಗೆ ಹೊರಗಿನ ಮಣ್ಣು ತರುವಂತಿಲ್ಲ. ಊರಿಗೆ ಹೋಗಿ ಅಪ್ಪ, ಅವ್ವನನ್ನು ಕ್ರೈಸ್ಟ್‌ಚರ್ಚಿಗೆ ಕರೆತಂದವಳು ನಾನೇ. ಬೀಜ, ತುಪ್ಪ, ಉಪ್ಪಿನಕಾಯಿ ಎಲ್ಲ ಹುಡುಕಿ ತೆಗೆಸಿದ್ದೆ. ಕುಂಬಾರನ ಮಗಳಾಗಿಯೂ ಮಣ್ಣಿನ ಬಗ್ಗೆ ಕೇಳಲು ಹೊಳೆದಿರಲಿಲ್ಲ.

"ಹಬ್ಬಕ್ಕ ಮಣ್ಣೆತ್ತ ಮಾಡಾಕ ಅಂತ ಹೇಳವ್ವ ಅವಗ," ಅಂದ ಅಪ್ಪ.

ಹೇಳಿದೆ. ಮೂರು ಸಲ ಕ್ಷಮೆ ಕೇಳಿದೆ. ಎಚ್ಚರಿಕೆ ಕೊಟ್ಟು ಬಿಟ್ಟರು, ಹೆಂಟೆ ಕಸದ ತೊಟ್ಟಿಗೆ ಹೋಯಿತು. ಕಾರಿನಲ್ಲಿ ಅಪ್ಪ, "ನನ್ನಿಂದ ನೀ ತಲಿ ತಗ್ಗಸೂ ಹಂಗಾತು," ಅಂದವನು ಆಮೇಲೆ ಹಬ್ಬದ ಮಾತೇ ಎತ್ತಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಜೂನಿನಲ್ಲಿ ಬರುತ್ತದೆ, ಇಲ್ಲಿ ಅದು ಚಳಿಗಾಲ. ನಮ್ಮೂರಲ್ಲಿ ಅಂದು ದೇವರ ಜಗಲಿಯ ಮೇಲೆ ಪೂಜೆಗೊಳ್ಳುವ ಜೋಡೆತ್ತುಗಳೆಲ್ಲ ಅಪ್ಪನ ಕೈಯವೇ. ಮನೆಮನೆಗೆ ಎತ್ತು ಕೊಟ್ಟು ಮೊರದ ತುಂಬ ಜೋಳ ಇಸಿದುಕೊಂಡು ಬರುತ್ತಿದ್ದ. ಬುಟ್ಟಿ ಹೊತ್ತು ಹಿಂದೆ ಹೋಗುತ್ತಿದ್ದವಳು ನಾನು. ನಮ್ಮ ಶಾಲೆಯ ಮಾಸ್ತರರ ಮನೆ ಬಂದಾಗ ಮಾತ್ರ ಅಪ್ಪ ಬುಟ್ಟಿ ಇಸಿದುಕೊಂಡು, "ನೀ ಇಲ್ಲೇ ನಿಂದ್ರವ್ವ, ನಾ ಕೊಟ್ಟ ಬರ್ತೀನಿ," ಅನ್ನುತ್ತಿದ್ದ. ನನಗೆ ನಾಚಿಕೆ ಎಂದು ನಾನು ಎಂದೂ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಎದ್ದರೆ ಹಿತ್ತಲಲ್ಲಿ ಹಿಮ ಹಿಮ್ಮಡಿ ಮುಳುಗುವಷ್ಟು ಬಿದ್ದಿತ್ತು. ರಸ್ತೆ ಬಂದ್, ಆಫೀಸು ಬಂದ್. ಅಪ್ಪ ಕಿಟಕಿಯ ಮುಂದೆ ಕಂಬಳಿ ಹೊದ್ದು ಕೂತಿದ್ದ.

"ಎತ್ತು ಮಾಡದ ಅಮಾಸಿ ಇದೇ ಮೊದಲ ಅವರಿಗೆ," ಅಂದಳು ಅವ್ವ, ಕಡುಬಿಗೆ ಹೂರಣ ರುಬ್ಬುತ್ತ. "ರಾತ್ರಿ ನಿದ್ದಿಗಣ್ಣಾಗೂ ಬೆರಳ ಆಡಸಾಕತ್ತಿದ್ರು."

ಎತ್ತು ಆಗಲೇಬೇಕು ಅಂದುಕೊಂಡೆ. ಹಿಂದಿನ ವರ್ಷ ಬೇಲಿಯ ಕಂಬ ಹುಗಿಯುವಾಗ ಗುಂಡಿಯ ತಳದಲ್ಲಿ ಬೂದುಬಣ್ಣದ ಮಣ್ಣು ಕಂಡದ್ದು ನೆನಪಿತ್ತು. ಹಿಮ ಸರಿಸಿ ಗುದ್ದಲಿ ಹಾಕಿದೆ. ಕಲ್ಲಿಗೆ ಬಡಿದಂತೆ ಪುಟಿಯಿತು. ಎರಡು ಕೆಟಲ್ ಬಿಸಿನೀರು ಸುರಿದು ಮತ್ತೆ ಅಗೆದೆ. ಮೇಲಿನ ಮಣ್ಣು ಒಯ್ದು ಅಪ್ಪನ ಮುಂದಿಟ್ಟೆ. ಅವನು ಚಿಟಿಕೆ ತೆಗೆದು ಅಂಗೈಯಲ್ಲಿ ಎಳೆ ಹೊಸೆದ. ಪುಡಿಯಾಯಿತು.

"ಉಸುಕೈತಿ. ಬ್ಯಾಡ ಬಿಡವ್ವ, ಥಂಡಿ ಹತ್ತೀತು."

ಬಿಡಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅದೇನು ಸುಮ್ಮನೆ ಬಂದದ್ದಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣಿನ ಪರೀಕ್ಷೆಗೆ ಗಾಜಿನ ಮೇಲೆ ಹೀಗೆಯೇ ಎಳೆ ಹೊಸೆಯಬೇಕಿತ್ತು, ಎಷ್ಟು ಸಣ್ಣಗಾದಾಗ ಬಿರಿಯುತ್ತದೆಂದು ನೋಡಬೇಕಿತ್ತು. ಮೊದಲ ಸಲಕ್ಕೇ ಸರಿಯಾಗಿ ಮಾಡಿದವಳು ನಾನೊಬ್ಬಳೇ. ಎಲ್ಲಿ ಕಲಿತೆ ಎಂದು ಪ್ರೊಫೆಸರ್ ಕೇಳಿದಾಗ ಅಪ್ಪನಿಂದ ಎಂದು ಹೇಳಿರಲಿಲ್ಲ.

ಮೊಣಕಾಲುದ್ದ ಅಗೆದ ಮೇಲೆ ಬೂದು ಮಣ್ಣು ಸಿಕ್ಕಿತು. ಕೈಗವಸು ಕಳಚಿ ಅಲ್ಲೇ ಎಳೆ ಹೊಸೆದೆ. ಬೆರಳಿಗೆ ಉಂಗುರದಂತೆ ಸುತ್ತಿಕೊಂಡಿತು, ಬಿರಿಯಲಿಲ್ಲ. ಕಿಟಕಿಯತ್ತ ಬೆರಳೆತ್ತಿ ತೋರಿಸಿದೆ. ಅಪ್ಪ ಕಂಬಳಿ ಬಿಟ್ಟು ಎದ್ದ.

ಅಡುಗೆಮನೆಯ ನೆಲಕ್ಕೆ ಪೇಪರ್ ಹಾಸಿ ಕೂತ. ಆರು ವರ್ಷದ ನನ್ನ ಮಗಳು ಕುಕ್ಕರಗಾಲಲ್ಲಿ ಕೂತು ಕೇಳಿದಳು, "ಅಜ್ಜಾ, ಇಸ್ ಇಟ್ ಎ ಡಾಗ್?"

"ಏನಂತಾಳ?"

"ನಾಯಿ ಏನು ಅಂತಾಳ."

"ಡುಬ್ಬ ಇಡೂತನಕ ತಡಿಯವ್ವ, ತಾಯಿ!"

ಬೆನ್ನಿನ ಮೇಲೆ ಡುಬ್ಬ ಬಂತು, ಕೋಡು ಬಂತು. ಕಣ್ಣಿಗೆ ಜೋಳ ಇರಲಿಲ್ಲ, ಮೆಣಸಿನ ಕಾಳು ಒತ್ತಿದ. ಐದು ಜೋಡಿ ಆದವು. ಒಂದು ಜೋಡಿಯನ್ನು ಅವ್ವ ಪೂಜೆಗಿಟ್ಟು ಕಡುಬಿನ ಎಡೆ ಹಿಡಿದಳು.

"ಉಳದದ್ದು ಯಾರಿಗೆ?" ಅಂದಳು.

"ಮನಿಮನಿಗೆ ಕೊಡಬೇಕಲ್ಲ," ಅಂದ ಅಪ್ಪ, ಕೇಳುವಂಥದ್ದೇನಿದೆ ಎಂಬಂತೆ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ನಿವೃತ್ತ ಟೀಚರ್. ಎತ್ತುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅಪ್ಪ, ನಾನು ಹಿಮ ತುಳಿಯುತ್ತ ಅವಳ ಗೇಟಿನ ತನಕ ಹೋದೆವು. ಅಪ್ಪ ನಿಂತು ನನ್ನ ಕೈಯ ತಟ್ಟೆಗೆ ಕೈ ಚಾಚಿದ.

"ನೀ ಇಲ್ಲೇ ನಿಂದ್ರವ್ವ. ನಾ ಕೊಟ್ಟ ಬರ್ತೀನಿ."

ತಟ್ಟೆ ಕೊಡಲಿಲ್ಲ. ಮುಂದೆ ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದವಳಿಗೆ, "ಇವರು ನಮ್ಮಪ್ಪ. ಕುಂಬಾರರು. ಇದು ನಮ್ಮ ಮನೆತನದ ಕೆಲಸ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಜೋಡೆತ್ತನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಳಗೆ ಹೋಗಿ ಒಂದು ಚೀಲ ನಿಂಬೆಹಣ್ಣು ತಂದು ಅಪ್ಪನ ಕೈಗಿಟ್ಟಳು.

"ಕಾಳ ಕೊಡೂದಿಲ್ಲೇನ ಇಲ್ಲೆ?" ಅಂದ ಅಪ್ಪ, ಮೆಟ್ಟಿಲಿಳಿಯುತ್ತ.

"ಇಲ್ಲಪ್ಪ."

"ಆತು, ನಡೀತೈತಿ. ಇನ್ನ ಮೂರ ಜೋಡಿ ಉಳದಾವ. ನೀ ಮುಂದ ನಡಿ."