ಕಾಡುಕುರಿಯ ಹಿಂದೆ ರೋಜ್

ರೋಜ್‌ಗೆ ಒಂದೆಡೆ ಕುಳಿತು ಗೊತ್ತಿರಲಿಲ್ಲ. ಇಂಗ್ಲಿಷ್ ಊರಾದ ಕೆಂಟನ್ನಿನ ಮನೆಯಲ್ಲಿ ಟಿವಿ ಮುಂದೆ ಕೂತರೂ ಕೈಗೆ ಬಟಾಣಿ ಬಿಡಿಸುವ ಕೆಲಸವಾದರೂ ಬೇಕು. ಚರ್ಚಿನಲ್ಲಿ ಪ್ರವಚನ ಉದ್ದವಾದರೆ ಕೆಮ್ಮಿನ ನೆಪ ಹೂಡಿ ಹೊರಗೆ ಬಂದು ಅಂಗಳ ಸುತ್ತುವಳು. ವಾರವಿಡೀ ಹ್ಯಾರೋದ ಶಾಲೆಯೊಂದರ ಅಡುಗೆಮನೆಯಲ್ಲಿ ನಿಂತೇ ದುಡಿದವಳು ಶನಿವಾರ ಬಂತೆಂದರೆ ಸುಸ್ತಾಗುವ ಬದಲು ಚಡಪಡಿಸುತ್ತಿದ್ದಳು. ಗಂಡ ಆಲನ್ ನೆಲದಡಿಯ ಟ್ಯೂಬ್ ರೈಲು ಓಡಿಸುವವನು. ಮನೆ ಸೇರಿದ ಮೇಲೆ ಅವನಿಗೆ ಅಲುಗಾಡುವುದೇ ಬೇಡ.

ತೊಂಬತ್ತೇಳರ ನವೆಂಬರಿನಲ್ಲಿ ಇಬ್ಬರೂ ಎನ್‌ಫೀಲ್ಡ್ ಕಡೆಯಿಂದ ಕಾರಿನಲ್ಲಿ ಬರುತ್ತಿದ್ದಾಗ ನಾಯಿಯಷ್ಟು ಎತ್ತರದ ಪ್ರಾಣಿಯೊಂದು ಬೇಲಿಯಿಂದ ಹಾರಿ ಬಂಪರಿಗೆ ಬಡಿಯಿತು. ಬೆನ್ನು ಮುರಿದುಕೊಂಡು ಹುಲ್ಲಿನಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಪೊದೆಯ ಆಚೆ ಇನ್ನೊಂದು ಬೊಗಳಿತು. ರೋಜ್‌ಗೆ ಮೈ ಜುಮ್ಮೆಂದಿತು. ಆ ಸದ್ದು ಅವಳಿಗೆ ಗೊತ್ತು. ಹುಟ್ಟೂರು ಬೆಳ್ತಂಗಡಿಯಲ್ಲಿ ಸೋದರಮಾವ ನಾಯಿಗಳನ್ನು ಬಿಟ್ಟು, ಡಬ್ಬ ಬಡಿದು, ಹತ್ತಾರು ಜನ ಕೂಗುತ್ತಾ ಬೊಗಳುವ ಪುಟ್ಟ ಜಿಂಕೆ ಕಾಡುಕುರಿಯನ್ನು ಅಟ್ಟುತ್ತಿದ್ದಾಗ ಅವಳು ಗುಡ್ಡದ ಕೆಳಗೆ ನಿಂತು ಕೇಳಿದ್ದಳು.

ಯಾರೋ ಫೋನ್ ಮಾಡಿ ನಾರ್ಮನ್ ಎಂಬ ಮುದುಕನನ್ನು ಕರೆಸಿದರು. ಪಕ್ಕದ ಖಾಸಗಿ ತೋಪಿನಲ್ಲಿ ಜಿಂಕೆಗಳ ಸಂಖ್ಯೆ ಹತೋಟಿಯಲ್ಲಿಡುವುದು ಅವನ ಕೆಲಸ. ಒಂದೇ ಗುಂಡಿನಲ್ಲಿ ಪ್ರಾಣಿಯ ನರಳಾಟ ಮುಗಿಸಿದ. ಇದು ಚೀನಾ ಮೂಲದ ಪುಟ್ಟ ಜಿಂಕೆ ಮಂಟ್‌ಜಾಕ್, ಎಳೆಯ ಸಸಿಗಳನ್ನೆಲ್ಲ ತಿಂದು ಕಾಡನ್ನೇ ಬೋಳು ಮಾಡುತ್ತಿದೆ ಎಂದು ವಿವರಿಸಿದ. ಆಲನ್ ಮುಖ ತಿರುಗಿಸಿ ನಿಂತಿದ್ದ. ರೋಜ್ ಮಾತ್ರ, ನಾಯಿಗಳಿಲ್ಲದೆ ಇವನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳಿದಳು.

ಆ ಒಂದು ಪ್ರಶ್ನೆಯಿಂದ ಅವಳ ಶನಿವಾರಗಳು ಬದಲಾದವು. ನಾರ್ಮನ್ ಅವಳನ್ನು ಜೊತೆಗೆ ಕರೆದೊಯ್ಯತೊಡಗಿದ. ಎಲ್ಲ ಜಿಂಕೆಗೂ ಒಂದೇ ಬೇಟೆಯಲ್ಲ ಎಂಬುದು ಅವನ ಮೊದಲ ಪಾಠ. ಮೈಮೇಲೆ ಚುಕ್ಕಿಯಿರುವ ಫ್ಯಾಲೋ ಜಿಂಕೆ ಹಿಂಡಿನಲ್ಲಿರುತ್ತದೆ. ಅಷ್ಟೊಂದು ಕಣ್ಣು, ಅಷ್ಟೊಂದು ಮೂಗು ತಪ್ಪಿಸಿ ನಡೆಯುವುದು ಆಗದ ಮಾತು. ಬೆಳಕು ಹರಿಯುವ ಮುಂಚೆ ಗಾಳಿಗೆ ಮುಖವೊಡ್ಡಿ ಅಟ್ಟಣೆ ಏರಿ ಕಲ್ಲಿನ ಹಾಗೆ ಕೂರಬೇಕು. ಒಂಟಿಯಾಗಿರುವ ರೋ ಜಿಂಕೆ ತನ್ನ ಜಾಗ ಬಿಡುವುದಿಲ್ಲ. ಬೇಸಿಗೆಯ ಕೊನೆಗೆ ಪೀಪಿ ಊದಿ ಹೆಣ್ಣಿನ ಧ್ವನಿ ಹೊರಡಿಸಿದರೆ ಗಂಡು ತಾನೇ ಹುಡುಕಿಕೊಂಡು ಬರುತ್ತದೆ. ಮಂಟ್‌ಜಾಕ್ ಹಾಗಲ್ಲ. ಅದು ನಿಲ್ಲುವುದೇ ಇಲ್ಲ. ತಲೆ ತಗ್ಗಿಸಿ, ಪೊದೆಯಿಂದ ಪೊದೆಗೆ ನುಸುಳುತ್ತಲೇ ಇರುತ್ತದೆ. ಅದರ ಹಿಂದೆ ಹೋಗುವವರು ಮೆಲ್ಲಗೆ ನಡೆದು, ನಿಂತು, ಮತ್ತೆ ನಡೆದು, ಅದು ಕಿವಿ ನಿಮಿರಿಸಿದ ಕ್ಷಣದಲ್ಲಿ ಗುಂಡು ಹಾರಿಸಬೇಕು.

ಅಟ್ಟಣೆಯ ಮೇಲೆ ರೋಜ್ ಸೋತಳು. ಕಾಲು ಬದಲಿಸಿದಳು, ಕತ್ತು ತಿರುಗಿಸಿದಳು, ಫ್ಯಾಲೋ ಹಿಂಡು ಗುಡುಗುಡು ಓಡಿಹೋಯಿತು. ಮಂಟ್‌ಜಾಕ್‌ನ ಹಿಂದೆ ಮಾತ್ರ ಅವಳಿಗೆ ದಣಿವೇ ಇರಲಿಲ್ಲ. ಅದರ ತಳಮಳ ಅವಳಿಗೆ ಅರ್ಥವಾಗುತ್ತಿತ್ತು.

ಬಂದೂಕಿನ ಪರವಾನಗಿ ಸಿಕ್ಕಿ, ಪೊಲೀಸರು ಬಂದು ಅದನ್ನಿಡುವ ಉಕ್ಕಿನ ಕಪಾಟು ನೋಡಿಕೊಂಡು ಹೋದ ಮೇಲೆ ಪಕ್ಕದ ಮನೆಯ ಚಂದ್ರವ್ವ ವಿಚಾರಿಸಲು ಬಂದಳು. ವಿಜಯಪುರದವಳು, ಮೊಟ್ಟೆಯನ್ನೂ ಮುಟ್ಟದವಳು.

"ಜೀವ ತೆಗಿಯೂ ಕೆಲಸ ನಿಮಗ ಯಾಕ ಬೇಕಾಗಿತ್ತು, ರೋಜವ್ವ?"

ಅಲ್ಲಿ ನಡೆಯಲು ಸಿಗುತ್ತದೆ ಎಂದಷ್ಟೇ ರೋಜ್ ಹೇಳಿದಳು.

ನಾರ್ಮನ್ ಒಂದು ವಿಷಯವನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಬೇರೆ ಜಿಂಕೆಗಳು ಋತು ನೋಡಿ ಮರಿ ಹಾಕುತ್ತವೆ, ಆದ್ದರಿಂದ ಅವುಗಳ ಬೇಟೆಗೂ ಋತುವಿದೆ. ಮಂಟ್‌ಜಾಕ್ ವರ್ಷವಿಡೀ ಈಯುತ್ತದೆ. ಹಾಗಾಗಿ ಹೆಣ್ಣನ್ನು ಹೊಡೆಯುವುದಾದರೆ ತುಂಬು ಬಸುರಿಯನ್ನೇ ಹೊಡೆಯಬೇಕು. ಆಗ ಅದರ ಹಿಂದಿನ ಮರಿ ಹಾಲು ಬಿಟ್ಟಿರುತ್ತದೆ, ಎಲ್ಲಿಯೂ ಹಸಿದು ಸಾಯುವುದಿಲ್ಲ. ಮೊದಲ ಸಲ ಇದನ್ನು ಕೇಳಿದಾಗ ರೋಜ್ ಶಿಲುಬೆಯ ಗುರುತು ಹಾಕಿಕೊಂಡಿದ್ದಳು. ಅವಳೂ ಹೆತ್ತವಳು. ಆದರೂ ಲೆಕ್ಕ ಸರಿಯೆನ್ನಿಸಿ ಒಪ್ಪಿಕೊಂಡಳು.

ಎರಡು ಸಾವಿರದ ಎರಡರ ಮಾರ್ಚ್. ಅಂದು ಬೆಳಿಗ್ಗೆಯಿಂದ ಕಂಡದ್ದೆಲ್ಲ ಕೈತಪ್ಪಿ ಹೋಗಿತ್ತು. ರೋಜ್‌ಗೆ ಕೈ ತುರಿಸುತ್ತಿತ್ತು. ಮುಳ್ಳುಪೊದೆಯ ಅಂಚಿನಲ್ಲಿ ಒಂದು ಹೆಣ್ಣು ಅರೆಗಳಿಗೆ ನಿಂತಿತು. ಹೊಟ್ಟೆ ಉಬ್ಬಿದಂತೆ ಕಂಡಿತು. ಪೂರ್ತಿ ಅಡ್ಡ ತಿರುಗಿ ಹೊಟ್ಟೆ ಸರಿಯಾಗಿ ಕಾಣಲೆಂದು ಕಾಯದೆ ಅವಳು ಗುಂಡು ಹಾರಿಸಿದಳು.

ಹೊಟ್ಟೆ ಸೀಳಿದ ನಾರ್ಮನ್ ಒಳಗೆ ಮೇವನ್ನಷ್ಟೇ ಕಂಡ. ಕೆಚ್ಚಲನ್ನು ಹೆಬ್ಬೆರಳಿನಿಂದ ಒತ್ತಿದ. ಹಾಲು ಬಂತು. ಅವನು ಬೈಯಲಿಲ್ಲ. ಮರಿ ಹತ್ತಿರದಲ್ಲೇ ಎಲ್ಲೋ ಅಡಗಿದೆ, ಹಸಿದಾಗ ಕೂಗುತ್ತದೆ ಎಂದ.

ಸಂಜೆಯವರೆಗೆ ಇಬ್ಬರೂ ಪೊದೆಗಳನ್ನು ಜಾಲಾಡಿದರು. ಸಿಗಲಿಲ್ಲ. ಭಾನುವಾರ ರೋಜ್ ಪೂಜೆಗೆ ಹೋಗದೆ ಅಲ್ಲಿಗೇ ಹೋದಳು. ಸೋಮವಾರ ಶಾಲೆಯ ಪಾತ್ರೆಗಳನ್ನು ತೊಳೆದು ಮುಗಿಸಿ, ಏಪ್ರನ್ನಿನಲ್ಲೇ ಕಾರು ಹತ್ತಿದಳು. ಮನೆಗೆ ಹೋಗಿ ಕಪಾಟಿನಿಂದ ಬಂದೂಕು ತೆಗೆದುಕೊಂಡಳು. ಆಲನ್ ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ.

ತೋಪಿನಲ್ಲಿ ನಾರ್ಮನ್ ಜೊತೆ ಕಾಯುತ್ತಿದ್ದಾಗ, ಬಿಸಿಲು ಇಳಿಯುವ ಹೊತ್ತಿಗೆ ಕ್ಷೀಣವಾದ ಕೀರಲು ಸದ್ದೊಂದು ಬಂತು. ಕೂದಲಿನಲ್ಲಿ ಚುಕ್ಕಿಯಿನ್ನೂ ಮಾಸದ ಮರಿ ತಾಯಿ ಬಿದ್ದಿದ್ದ ಜಾಗಕ್ಕೆ ತಡವರಿಸುತ್ತಾ ಬಂದು ನೆಲ ಮೂಸಿತು.

"ನಾನು ಮಾಡುತ್ತೇನೆ, ನೀನು ಕಾರಿಗೆ ಹೋಗು," ಎಂದ ನಾರ್ಮನ್ ಪಿಸುದನಿಯಲ್ಲಿ.

"ಬೇಡ," ಎಂದಳು ರೋಜ್. "ತಾಯಿಯನ್ನು ತೆಗೆದವಳು ನಾನು."

ಸಾಕಿದರೇನು ಎಂಬ ಯೋಚನೆ ಅವಳಿಗೆ ಬಾರದೆ ಇರಲಿಲ್ಲ. ಹಿಡಿಯಹೋದರೆ ಮರಿ ಪೊದೆ ಹೊಕ್ಕು ಒಳಗೇ ಸಾಯುವುದೆಂದೂ ಗೊತ್ತಿತ್ತು. ಅವಳು ಗುಂಡು ಹಾರಿಸಿದಳು. ಆಮೇಲೆ ಗುದ್ದಲಿ ಇಸಿದುಕೊಂಡು ತಾನೇ ಮಣ್ಣು ಮಾಡಿದಳು.

ಮನೆಗೆ ಬಂದಾಗ ಚಂದ್ರವ್ವ ತನ್ನ ಬಾಗಿಲಲ್ಲಿ ಕಸದ ಚೀಲ ಹಿಡಿದು ನಿಂತಿದ್ದಳು. ಗಂಡನಿಗೆ ಹೇಳುವ ಮೊದಲೇ ರೋಜ್ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಚಂದ್ರವ್ವ ಕಸದ ಚೀಲ ಕೆಳಗಿಟ್ಟಳು.

"ಹೋಗ್ಲಿ ಬಿಡ್ರಿ ಅನ್ನಾಕ ನನಗ ಬರೂದಿಲ್ಲ," ಎಂದಳು ಕೊನೆಗೆ. "ಆದ್ರ ಒಳಗ ಬರ್ರಿ. ಕೈ ತೊಳ್ಕೋರಿ, ಊಟ ಮಾಡ್ರಿ."

ರೋಜ್ ಒಳಗೆ ಹೋದಳು. ರೊಟ್ಟಿ, ಬದನೆಕಾಯಿ ಪಲ್ಯ ತಿಂದಳು. ಚಂದ್ರವ್ವ ಎದುರಿಗೆ ಕೂತು ಬಡಿಸಿದಳು.

ಬಂದೂಕು ಬಿಡುತ್ತಾಳೆಂದು ಆಲನ್ ಎಣಿಸಿದ್ದ. ಅವಳು ಬಿಡಲಿಲ್ಲ. ನಾರ್ಮನ್ ಮೊಣಕಾಲು ಕೈಕೊಟ್ಟು ಮನೆ ಹಿಡಿದ ಮೇಲೂ ಆ ತೋಪಿಗೆ ವರ್ಷಗಟ್ಟಲೆ ಹೋದಳು. ಹೆಣ್ಣು ಮಂಟ್‌ಜಾಕ್ ಕಂಡರೆ ಬಂದೂಕು ಎತ್ತದೆ ದುರ್ಬೀನು ಎತ್ತುವಳು. ಅದರ ಹಿಂದೆಯೇ ಪೊದೆಯಿಂದ ಪೊದೆಗೆ ನಡೆದು, ಬಾಲದಿಂದ ಕಿವಿಯವರೆಗೆ ನೋಡಿ, ಬಸುರಿಯೋ ಅಲ್ಲವೋ ಎಂಬ ಅನುಮಾನ ಉಳಿದರೆ ಬಿಟ್ಟುಬಿಡುವಳು. ಅನುಮಾನ ಬಹಳ ಸಲ ಉಳಿಯುತ್ತಿತ್ತು. ಬರಿಗೈಯಲ್ಲಿ ಹಿಂತಿರುಗಿದ ಶನಿವಾರಗಳೇ ಹೆಚ್ಚು. ಹೊಸದಾಗಿ ಕಲಿಯಲು ಬಂದವರು, ಇಷ್ಟು ನಡೆದೂ ಯಾಕೆ ಹೊಡೆಯಲಿಲ್ಲ ಎಂದು ಕೇಳಿದರೆ, ಅವಳು ಅದಾಗಲೇ ಮುಂದಿನ ಪೊದೆಯತ್ತ ಹೊರಟಿರುತ್ತಿದ್ದಳು.